ಕೋರ್ಟು ಕೊಡದ ಚೀಲ

ಸಮನ್ಸ್ ಜಾರಿ ಮಾಡುವ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಹೋದ ತಿಂಗಳು ನಮ್ಮ ಮನೆಗೆ ಬಂದಿದ್ದಳು. ನನ್ನ ಜೊತೆ ಕೆಲಸ ಮಾಡಿದವರ ಮಗಳು. ಬೆನ್ನ ಮೇಲೆ ಕಾಲೇಜು ಹುಡುಗರು ಹಾಕಿಕೊಳ್ಳುವಂಥ ದೊಡ್ಡ ಬ್ಯಾಗು. ಒಳಗೆ ಏನೇನಿದೆಯಮ್ಮ ಎಂದು ಕೇಳಿದೆ. ಸಮನ್ಸುಗಳು, ಪೆನ್ನು, ಮೊಬೈಲಿನ ಚಾರ್ಜರು, ನೀರಿನ ಬಾಟಲಿ ಎಂದಳು.

"ಅಷ್ಟೇನಾ?"

"ಅಷ್ಟೇ ಅಂಕಲ್. ಇನ್ನೇನ್ ಬೇಕು?"

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ, ಅವಳನ್ನು ಹಾಗೆ ಕಳಿಸಿದವರ ಮೇಲೆ. ನನ್ನನ್ನೂ ಹೀಗೆಯೇ ಒಂದು ಪೆನ್ನು ಕೊಟ್ಟು ಊರೂರಿಗೆ ಅಟ್ಟಿದ್ದರು. ಏನು ಒಯ್ಯಬೇಕೆಂದು ಒಬ್ಬರೂ ಹೇಳಲಿಲ್ಲ. ನಾಯಿ, ಆಡು, ಮಳೆ, ಮುದುಕರು, ವಕೀಲರು ಎಲ್ಲರೂ ಸೇರಿ ಒಂದೊಂದಾಗಿ ಕಲಿಸಿದರು. ಆ ಹುಡುಗಿಗೆ ಅಂದು ಬಾಯಲ್ಲಿ ಹೇಳಿದ್ದು ಸಾಲದೆನಿಸಿ ಈಗ ಬರೆಯುತ್ತಿದ್ದೇನೆ. ನನ್ನ ಬಡ್ತಿಯ ಕಥೆ ಇದರಲ್ಲಿ ಇಲ್ಲ. ಅದು ಬಂದದ್ದು ನನಗೂ ಸರಿಯಾಗಿ ಗೊತ್ತಾಗಲಿಲ್ಲ.

ಕೆಲಸ ಏನೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಒಬ್ಬರು ಇನ್ನೊಬ್ಬರ ಮೇಲೆ ದಾವೆ ಹಾಕುತ್ತಾರೆ. ಆ ಇನ್ನೊಬ್ಬರನ್ನು ಹುಡುಕಿ, ನಿಮ್ಮ ಮೇಲೆ ಕೇಸಾಗಿದೆ, ಇಂಥ ದಿನ ಕೋರ್ಟಿಗೆ ಬನ್ನಿ ಎನ್ನುವ ಕಾಗದ ಕೊಟ್ಟು, ಮೂಲ ಪ್ರತಿಯ ಮೇಲೆ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಂಡು ಬರಬೇಕು. ಊರವರ ಬಾಯಲ್ಲಿ ನಾವು ಅಮೀನರು. ತಮಿಳುನಾಡಿಗೆ ಸೇರಿದ ಹೊಸೂರು ಸೀಮೆಯ ಗಡಿ ಹಳ್ಳಿಗಳಲ್ಲಿ ಸುತ್ತಿದವನು ನಾನು. ಕಾಗದ ಇರುವುದು ತಮಿಳಿನಲ್ಲಿ, ತೆಗೆದುಕೊಳ್ಳುವವರು ಬೈಯುವುದು ಕನ್ನಡದಲ್ಲಿ, ಅವರ ಹೆಂಡತಿ ಒಳಗಿನಿಂದ ದನಿಗೂಡಿಸುವುದು ತೆಲುಗಿನಲ್ಲಿ. ಮೂರೂ ಭಾಷೆಯಲ್ಲಿ ಬೈಸಿಕೊಂಡು ಬಂದು ಕಚೇರಿಯಲ್ಲಿ ಮತ್ತೆ ತಮಿಳಿನಲ್ಲಿ ಬೈಸಿಕೊಳ್ಳಬೇಕು.

ಬೈಯುತ್ತಿದ್ದವರು ನಮ್ಮ ನಾಜರ್, ಷಣ್ಮುಗಂ ಸಾರ್. ಯಾವ ಊರಿನ ಸಮನ್ಸು ಯಾರು ಒಯ್ಯಬೇಕು ಎಂದು ಹಂಚುವ ಅಧಿಕಾರಿ. ಕೆಟ್ಟವರಲ್ಲ. ಆದರೆ ಅವರ ಮಟ್ಟಿಗೆ ಹೊಸೂರಿನಿಂದಾಚೆ ಇರುವುದೆಲ್ಲ ಒಂದೇ ಬೀದಿ. ಬೆಳಿಗ್ಗೆ ಉದ್ದನಪಲ್ಲಿ, ಮಧ್ಯಾಹ್ನ ಗುಮ್ಮಳಾಪುರ, ಸಂಜೆ ಬಂದು ವರದಿ ಕೊಡು ಎನ್ನುತ್ತಿದ್ದರು. ಬಸ್ಸು ಯಾವುದು ಸಾರ್ ಎಂದರೆ, ಅದನ್ನೂ ನಾನೇ ಹೇಳಬೇಕಾ ಎನ್ನುತ್ತಿದ್ದರು.

ಒಂದು ಸಲ ಕಚೇರಿಯಿಂದಲೇ ಬ್ಯಾಗು ಬಂತು. ಖಾಕಿ ಬಣ್ಣದ್ದು, ಮಲಗಿದರೆ ನಾನೇ ಅದರೊಳಗೆ ಹಿಡಿಸುತ್ತಿದ್ದೆ. ಹೆಗಲಿಗೆ ಹಾಕಿಕೊಂಡು ಊರೊಳಗೆ ಕಾಲಿಟ್ಟರೆ ಹೆಂಗಸರು ಬಾಗಿಲಿಗೆ ಬಂದು, ಸೀರೆ ಕಂತಿನಲ್ಲಿ ಕೊಡುತ್ತೀರಾ ಎಂದು ಕೇಳುತ್ತಿದ್ದರು. ಗಂಡಸರು ಖಾಕಿ ಕಂಡ ಕೂಡಲೇ ರಾಗಿ ಹೊಲದೊಳಕ್ಕೆ ಇಳಿದುಬಿಡುತ್ತಿದ್ದರು. ಕೇಸಿಲ್ಲದವರೂ ಓಡುತ್ತಿದ್ದರು. ಅದರ ಜಿಪ್ಪು ಬೇಗನೆ ಕಿತ್ತುಹೋದದ್ದು ಒಳ್ಳೆಯದೇ ಆಯಿತು. ನನ್ನ ಹೆಂಡತಿ ರತ್ನ ಹಳೆಯ ಪ್ಯಾಂಟೊಂದನ್ನು ಕತ್ತರಿಸಿ ಊಟದ ತಟ್ಟೆಯಷ್ಟು ಅಗಲದ ಒಂದು ಚೀಲ ಹೊಲಿದುಕೊಟ್ಟಳು. ಪಕ್ಕಕ್ಕೆ ಹಾಕಿಕೊಂಡರೆ ಅಂಗಿಯ ಮಡಿಕೆಯಲ್ಲಿ ಕಾಣುತ್ತಲೇ ಇರಲಿಲ್ಲ. ಅಷ್ಟು ಚಿಕ್ಕದರಲ್ಲಿ ಏನಿಡುತ್ತೀರಿ ಎಂದು ಅವಳೇ ನಕ್ಕಳು.

ಮೊದಲು ಇಟ್ಟದ್ದು ಗೋಂದು. ಮನೆಗೆ ಬೀಗ ಹಾಕಿದ್ದರೆ ಕಾಗದವನ್ನು ಬಾಗಿಲಿಗೆ ಅಂಟಿಸಿ ಬರಬೇಕೆಂದು ನಿಯಮ. ಕಚೇರಿಯಲ್ಲಿ ಕೊಡುತ್ತಿದ್ದದ್ದು ಗಾಜಿನ ಬಾಟಲಿಯ ಗೋಂದು, ಮುಚ್ಚಳದ ಬದಲು ಬಟ್ಟೆಯ ತುಂಡು. ರಾಯಕೋಟೆ ರಸ್ತೆಯ ಗುಂಡಿಗಳಲ್ಲಿ ಬಸ್ಸು ಕುಣಿದು ಬಾಟಲಿ ಮಗುಚಿತು. ಇಳಿದು ನೋಡಿದರೆ ಅಂದಿನ ಸಮನ್ಸುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಒಂದೇ ಹಲಗೆಯಾಗಿವೆ. ಯಾರ್‍ಯಾರೋ ಜಗಳವಾಡಿದವರು ಕೊನೆಗೆ ಅಲ್ಲಿ ಒಂದಾಗಿದ್ದರು. ಷಣ್ಮುಗಂ ಸಾರ್ ಆ ಹಲಗೆಯನ್ನು ಮೇಜಿನ ಮೇಲೆ ಬಡಿದು, ಇದನ್ನು ಜಡ್ಜಿಗೆ ತೋರಿಸಲಾ ಎಂದು ಕೇಳಿದರು. ಮನೆಗೆ ತಂದೆ. ರತ್ನ ಇಡ್ಲಿ ಪಾತ್ರೆಯ ಹಬೆಯ ಮೇಲೆ ಹಿಡಿದು, ನಾಜೂಕಾಗಿ ಒಂದೊಂದೇ ಬಿಡಿಸಿದಳು. ಆ ಸಮನ್ಸುಗಳನ್ನು ಪಡೆದವರೆಲ್ಲ ಒಂದು ಸಲ ಮೂಸಿ ನೋಡಿ ನನ್ನ ಮುಖ ನೋಡಿದರು.

ಗೋಂದು ಬೇಡವೆಂದು ಅನ್ನದ ಅಗುಳು ಒಯ್ದೆ. ಅದು ಚೆನ್ನಾಗಿ ಅಂಟುತ್ತದೆ. ಎಷ್ಟು ಚೆನ್ನಾಗಿ ಎಂದರೆ, ಉದ್ದನಪಲ್ಲಿಯ ಹತ್ತಿರ ನಾನು ಅಂಟಿಸಿ ಬೆನ್ನು ತಿರುಗಿಸುವಷ್ಟರಲ್ಲಿ ಒಂದು ಆಡು ಬಂದು ಸರ್ಕಾರದ ಮೊಹರಿನ ಸಮೇತ ತಿಂದಿತು. ಆಡಿನ ಯಜಮಾನನನ್ನು ಕರೆದು, ನೋಡಪ್ಪ, ನೀನು ಸಾಕ್ಷಿ ಎಂದೆ. ಅವನು ಆಡನ್ನು ಎಳೆದುಕೊಂಡು ಹೋಗುತ್ತಾ, ಅದು ತನ್ನದಲ್ಲ ಎಂದ. ಆಮೇಲೆ ಅಂಗಡಿಗಳಲ್ಲಿ ಲಿಪ್‌ಸ್ಟಿಕ್ಕಿನ ಹಾಗೆ ತಿರುಗಿಸುವ ಗೋಂದಿನ ಕಡ್ಡಿ ಬಂತು. ಆ ಕಡ್ಡಿ ಕಂಡುಹಿಡಿದವರು ಯಾರೇ ಇರಲಿ, ಅವರ ಹೊಟ್ಟೆ ತಣ್ಣಗಿರಲಿ.

ಹೆಬ್ಬೆಟ್ಟಿಗೆ ಸ್ಟಾಂಪ್ ಪ್ಯಾಡ್ ಬೇಕೇ ಬೇಕು. ಅದನ್ನು ಒಯ್ಯಬೇಕೆಂದು ಎಲ್ಲರಿಗೂ ಗೊತ್ತು, ಒರೆಸುವ ಬಟ್ಟೆ ಒಯ್ಯಬೇಕೆಂದು ಯಾರಿಗೂ ಗೊತ್ತಿಲ್ಲ. ಹೆಬ್ಬೆಟ್ಟು ಒತ್ತಿದವರು ಮಸಿಯ ಬೆರಳನ್ನು ಎಲ್ಲಿ ಒರೆಸಬೇಕು? ಒಬ್ಬರು ಗೋಡೆಗೆ, ಒಬ್ಬರು ಎಮ್ಮೆಗೆ. ನಾಮಕರಣದ ಮನೆಯೊಂದರಲ್ಲಿ ಯಜಮಾನ ತುಂಬ ಹೊತ್ತು ಅತ್ತಿತ್ತ ನೋಡಿ, ಎಲ್ಲರೂ ಹೊಸ ಬಟ್ಟೆಯಲ್ಲಿದ್ದಾರೆಂದು, ನನ್ನ ಬಿಳಿ ಅಂಗಿಗೇ ಒರೆಸಿ, ಊಟ ಮಾಡಿಕೊಂಡು ಹೋಗಿ ಸಾರ್ ಎಂದರು. ಅಂದಿನಿಂದ ಒಂದು ಬಟ್ಟೆಯ ಚೂರು, ಸಣ್ಣ ಡಬ್ಬಿಯಲ್ಲಿ ಒಂದು ತುಂಡು ಸೋಪು ಚೀಲ ಸೇರಿದವು.

ಕನ್ನಡಕದ ಕಥೆ ಹೇಳಲು ಹೋದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಸಮನ್ಸು ಚಾಚಿದ ಕೂಡಲೇ ಓದು ಬಲ್ಲವರು ಹೇಳುವ ಮೊದಲ ಮಾತು, ಕನ್ನಡಕ ಇಲ್ಲ, ಓದದೆ ಸಹಿ ಹಾಕುವುದಿಲ್ಲ, ಮಗ ಬರಲಿ. ಮಗ ಕಾರ್ಖಾನೆಯ ಶಿಫ್ಟಿಗೆ ಹೋಗಿರುತ್ತಾನೆ. ಕೃಷ್ಣಗಿರಿ ಬಸ್ ಸ್ಟ್ಯಾಂಡಿನಲ್ಲಿ ನೆಲದ ಮೇಲೆ ಹರವಿ ಮಾರುತ್ತಿದ್ದ ಕನ್ನಡಕಗಳಲ್ಲಿ ಒಂದನ್ನು ಕೊಂಡು ಚೀಲಕ್ಕೆ ಹಾಕಿದೆ. ಇನ್ನು ಯಾರೂ ತಪ್ಪಿಸಿಕೊಳ್ಳುವಂತಿಲ್ಲ ಎಂದು ಹಿಗ್ಗಿದೆ. ಮೊದಲು ಕೊಟ್ಟದ್ದು ಒಬ್ಬ ಹಿರಿಯರಿಗೆ, ಮಾವಿನ ತೋಟದ ಯಜಮಾನರು. ಅವರು ಹಾಕಿಕೊಂಡು ಸಮನ್ಸು ಪೂರ್ತಿ ಓದಿದರು. ಪಕ್ಕದಲ್ಲಿದ್ದ ಪಂಚಾಂಗ ಓದಿದರು. ಗೊಬ್ಬರದ ಚೀಲದ ಮೇಲಿನ ಅಕ್ಷರ ಓದಿದರು. ಕಣ್ಣು ಒದ್ದೆಯಾಗಿ, ಎಷ್ಟು ವರ್ಷವಾಯಿತು ಹೀಗೆ ಕಾಣದೆ ಎಂದರು. ಆಮೇಲೆ ಸಮನ್ಸನ್ನು ಮಡಿಸಿ ನನ್ನ ಕೈಗೆ ಕೊಟ್ಟು, ಇದು ನನಗೆ ಬೇಡ ಎಂದು ಕನ್ನಡಕದ ಸಮೇತ ಒಳಗೆ ಹೋದರು. ಸಮನ್ಸು ಕೊಡಲು ಹೋದವನು ಕನ್ನಡಕ ಕೊಟ್ಟು ಸಮನ್ಸು ವಾಪಸ್ ತಂದೆ. ನಿರಾಕರಿಸಿದರು ಎಂದು ವರದಿ ಬರೆದೆ. ಕನ್ನಡಕದ ವಿಷಯ ಬರೆಯಲು ಅದರಲ್ಲಿ ಜಾಗವಿರಲಿಲ್ಲ. ಮುಂದೆ ಕೊಂಡ ಕನ್ನಡಕಕ್ಕೆ ದಾರ ಕಟ್ಟಿ, ದಾರದ ತುದಿಯನ್ನು ಚೀಲಕ್ಕೆ ಗಂಟು ಹಾಕಿದೆ.

ನಾಯಿಗಳಿಗೆ ಬಿಸ್ಕತ್ತು. ಕೊಡೆ ಹಿಡಿದು ಹೆದರಿಸಿ ಎಂದು ಹೇಳುವವರ ಮಾತು ಕೇಳಬೇಡಿ. ಕೊಡೆ ಬಿಚ್ಚಿದರೆ ಬೀದಿಯಲ್ಲಿ ಮಲಗಿದ್ದ ನಾಯಿಗಳೂ ಎದ್ದು ಬರುತ್ತವೆ. ನಾವು ನಿಜವಾಗಿ ಊರಿಗೆ ಹೋಗುತ್ತೇವೋ ಇಲ್ಲವೋ ಎಂದು ನೋಡಲು ಒಮ್ಮೆ ಷಣ್ಮುಗಂ ಸಾರ್ ನನ್ನ ಜೊತೆ ಬಂದರು. ಬಸ್ಸಿನಲ್ಲಿ ಹಸಿವಾಗಿ, ಕೇಳದೆ ಚೀಲಕ್ಕೆ ಕೈ ಹಾಕಿ ಬಿಸ್ಕತ್ತನ್ನೆಲ್ಲ ತಿಂದು ಮುಗಿಸಿದರು. ಅದು ನಾಯಿಗೆಂದು ಇಟ್ಟದ್ದು ಸಾರ್ ಎಂದು ಮೇಲಧಿಕಾರಿಗೆ ಹೇಗೆ ಹೇಳುವುದು? ಊರ ಬಾಗಿಲಲ್ಲಿ ನಾಯಿಗಳು ಸುತ್ತಿಕೊಂಡವು. ಸಾರ್ ಯಾರದೋ ಮನೆಯ ಒರಳು ಕಲ್ಲಿನ ಮೇಲೆ ಹತ್ತಿ ನಿಂತು, ಏನಾದರೂ ಹಾಕಯ್ಯಾ ಎಂದು ಕೂಗಿದರು. ನೀವೇ ಹಾಕಿಕೊಂಡಿರಿ ಸಾರ್ ಎಂದೆ. ಅವರು ಮತ್ತೆ ಪರೀಕ್ಷೆಗೆ ಬರಲಿಲ್ಲ.

ಕೃಷ್ಣಗಿರಿ ಜಿಲ್ಲೆಯಾದ ಮೇಲೆ ಎಲ್ಲ ಸುಲಭವಾಗುತ್ತದೆ ಎಂದರು. ಕಾಗದಗಳು ಧರ್ಮಪುರಿಯಿಂದ ಬರುವ ಬದಲು ಕೃಷ್ಣಗಿರಿಯಿಂದ ಬಂದವು, ಸುಲಭವಾದದ್ದು ಅಷ್ಟೇ. ಆಮೇಲೆ ಮೊಬೈಲು ಬಂತು. ಅದರಿಂದ ಸಮನ್ಸು ತೆಗೆದುಕೊಳ್ಳಬೇಕಾದವರಿಗೆ ಭಾರಿ ಅನುಕೂಲವಾಯಿತು. ನಾನು ಬಸ್ಸಿನಿಂದ ಇಳಿಯುವುದನ್ನು ಟೀ ಅಂಗಡಿಯವನು ನೋಡಿ ಒಂದು ಫೋನು ಮಾಡಿದರೆ ಸಾಕು, ಊರಿಗೆ ಊರೇ ಖಾಲಿ. ಷಣ್ಮುಗಂ ಸಾರ್‌ಗೂ ಅನುಕೂಲವಾಯಿತು, ದಾರಿಯುದ್ದಕ್ಕೂ ಎಲ್ಲಿದ್ದೀಯ ಎಂದು ಕೇಳುತ್ತಿದ್ದರು. ಗುಮ್ಮಳಾಪುರದ ಕಡೆ ಹೋದರೆ ನನ್ನ ಫೋನು ಗಡಿಯಾಚೆಯ ಟವರ್ ಹಿಡಿದು, ಕರ್ನಾಟಕಕ್ಕೆ ಸ್ವಾಗತ ಎಂದು ಸಂದೇಶ ತೋರಿಸುತ್ತಿತ್ತು. ಮಾತಾಡಿದರೆ ರೋಮಿಂಗ್, ತೆಗೆಯದಿದ್ದರೆ ಬೈಗುಳ. ಬೇರೆ ರಾಜ್ಯದಲ್ಲಿ ಏನು ಮಾಡುತ್ತಿದ್ದೀಯ ಎಂದು ಅವರು ಕೇಳಿದಾಗ, ನಾನು ತಮಿಳುನಾಡಿನಲ್ಲೇ ಇದ್ದೇನೆ ಸಾರ್, ಫೋನು ಮಾತ್ರ ಕರ್ನಾಟಕದಲ್ಲಿದೆ ಎಂದೆ. ಅದನ್ನು ಅವರು ತಮಾಷೆ ಎಂದುಕೊಂಡರು.

ಚಪ್ಪಲಿ ಹೊಲಿಯುವ ಸೂಜಿ ಮತ್ತು ಮೇಣ ತೀಡಿದ ದಾರ ಚೀಲಕ್ಕೆ ಕಡೆಯದಾಗಿ ಬಂದದ್ದು. ನಮ್ಮ ಕೆಲಸದಲ್ಲಿ ಮೊದಲು ಸವೆಯುವುದು ಚಪ್ಪಲಿ. ಬಸ್ಸು ಬಿಟ್ಟ ಮೇಲೆ ಹೊಲದ ಬದುವಿನ ಮೇಲೆ ನಡೆಯುವಾಗ ಉಂಗುಷ್ಠ ಕಿತ್ತರೆ ಹೊಲಿದುಕೊಡುವವರು ಅಲ್ಲಿ ಯಾರಿದ್ದಾರೆ? ಆ ಸೂಜಿಯಿಂದಾಗಿ ನಾನು ಕೋರ್ಟಿನ ಕಟಕಟೆ ಹತ್ತಬೇಕಾಯಿತು.

ಹೊಸೂರಿನ ಸುತ್ತ ಭೂಮಿಯ ಬೆಲೆ ಗಗನಕ್ಕೇರಿದ್ದ ವರ್ಷಗಳು. ಬೆಳೆ ಬಾರದ ಕಲ್ಲು ಮಂಟಿಗೂ ಬೇಲಿ ಬೀಳುತ್ತಿತ್ತು, ಬೇಲಿ ಬಿದ್ದಲ್ಲೆಲ್ಲ ದಾವೆ. ಗುಮ್ಮಳಾಪುರದ ಆಚೆ ಒಂದು ಊರು, ಹೆಸರು ಬೇಡ. ರುದ್ರಪ್ಪ ಮತ್ತು ಅವನ ತಮ್ಮ ಸೇರಿ ತಮ್ಮ ದೊಡ್ಡಮ್ಮನ ಮೇಲೆ ದಾವೆ ಹಾಕಿದ್ದರು. ದೊಡ್ಡಪ್ಪ ಬಸವಪ್ಪ ತೀರಿಕೊಂಡಿದ್ದಾರೆ, ಮಕ್ಕಳಿಲ್ಲ, ಬಾವಿಯ ಪಕ್ಕದ ಹೊಲ ತಮಗೇ ಸೇರಬೇಕು ಎಂದು. ದೊಡ್ಡಮ್ಮನ ಹೆಸರು ಮರಿನಂಜಮ್ಮ. ಆಕೆಗೆ ನಾನು ಸಮನ್ಸು ಮುಟ್ಟಿಸಬೇಕು. ಮುಟ್ಟಿದ ಮೇಲೂ ಆಕೆ ಕೋರ್ಟಿಗೆ ಬಾರದಿದ್ದರೆ ರುದ್ರಪ್ಪ ಹೇಳಿದ್ದೇ ಸತ್ಯವೆಂದು ತೀರ್ಪಾಗುವ ಸಂಭವ ಹೆಚ್ಚು.

ದಾವೆ ಹಾಕಿದವರೇ ಜೊತೆಗೆ ಬಂದು, ಇವರೇ ನೋಡಿ ಆ ಮನುಷ್ಯ ಎಂದು ತೋರಿಸಿಕೊಡುವುದು ವಾಡಿಕೆ. ನಮಗೆ ಊರವರ ಪರಿಚಯ ಇರುವುದಿಲ್ಲವಲ್ಲ. ರುದ್ರಪ್ಪ ಬಸ್ಸು ನಿಲ್ಲುವಲ್ಲಿಗೇ ಮೋಟಾರು ಬೈಕು ತಂದಿದ್ದ. ಬಹಳ ಮರ್ಯಾದಸ್ಥ. ಮನೆಗೆ ಕರೆದುಕೊಂಡು ಹೋದ, ಕುರ್ಚಿ ಹಾಕಿಸಿದ, ಕಾಫಿ ಕೊಡಿಸಿದ. ನಡುಮನೆಯ ಮಂಚದ ಮೇಲೆ ಒಬ್ಬ ವಯಸ್ಸಾದ ಹೆಂಗಸು ಕೂತಿದ್ದರು. ಇವರೇ ದೊಡ್ಡಮ್ಮ ಎಂದ. ಕೇಸಿದ್ದರೂ ಒಂದೇ ಮನೆಯಲ್ಲಿ ಇರುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಅನುಮಾನ ಬರಲಿಲ್ಲ. ಹೆಸರು ಕೇಳಿದೆ, ಮರಿನಂಜಮ್ಮ ಎಂದರು. ಕಾಗದದಲ್ಲಿ ಏನಿದೆಯೆಂದು ಕನ್ನಡದಲ್ಲಿ ಹೇಳಿದೆ. ತಲೆಯೆತ್ತದೆ ಕೇಳಿ ಹೆಬ್ಬೆಟ್ಟು ಒತ್ತಿದರು, ನನ್ನ ಬಟ್ಟೆಯಲ್ಲಿ ಬೆರಳು ಒರೆಸಿಕೊಂಡರು. ಇಷ್ಟು ಸಲೀಸಾಗಿ ಒಂದು ಸಮನ್ಸೂ ಜಾರಿಯಾಗಿರಲಿಲ್ಲವಾದ್ದರಿಂದ ನನಗೆ ಸಂತೋಷವೇ ಆಯಿತು. ಬಸ್ಸಿಗೆ ಬಿಡುವ ಹೊತ್ತಿಗೆ ಮಾತ್ರ ರುದ್ರಪ್ಪನ ಬೈಕಿನಲ್ಲಿ ಪೆಟ್ರೋಲು ಇರಲಿಲ್ಲ. ಹೀಗೇ ಬದುವಿನ ಮೇಲೆ ಹೋದರೆ ಹತ್ತಿರ ಸಾರ್ ಎಂದು ಕೈ ತೋರಿಸಿ ಒಳಗೆ ಹೋದ.

ಊರ ಅಂಚಿನಲ್ಲಿ ಚಪ್ಪಲಿ ಕಿತ್ತಿತು. ಅಲ್ಲೊಂದು ಶೀಟಿನ ಮನೆ, ಮುಂದೆ ಹೊಂಗೆ ಮರ. ಮರದ ಕೆಳಗೆ ಒಬ್ಬ ಅಜ್ಜಿ ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದರು. ಕೇಳಿ ಜಗಲಿಯ ಮೇಲೆ ಕೂತು ಸೂಜಿ ತೆಗೆದೆ. ಅಜ್ಜಿ ಮೊರ ಕೆಳಗಿಟ್ಟು ನಾನು ಹೊಲಿಯುವುದನ್ನೇ ನೋಡಿದರು. ಸೊಂಟದಿಂದ ಎಲೆಯಡಿಕೆ ಚೀಲ ತೆಗೆದು, ಅದರ ಬಾಯಿ ಹರಿದಿದೆ, ಎರಡು ಹೊಲಿಗೆ ಹಾಕಿಕೊಡು ಎಂದರು. ಹಾಕುತ್ತಾ ಕೂತೆ. ಎಲ್ಲಿಯವನು, ಏನು ಕೆಲಸ ಎಂದು ವಿಚಾರಿಸಿದರು. ಕೋರ್ಟಿನವನು ಎಂದೆ. ನಮ್ಮೂರಿಗೆ ಯಾಕೆ ಬಂದಿದ್ದೆ ಎಂದರು. ಮರಿನಂಜಮ್ಮ ಅನ್ನುವವರಿಗೆ ಕಾಗದ ಕೊಡುವುದಿತ್ತು, ಕೊಟ್ಟಾಯಿತು ಎಂದೆ.

ಅಜ್ಜಿ ನನ್ನ ಕಡೆ ತಿರುಗಿ ಕೂತರು.

"ಯಾರ್‍ಗ್ ಕೊಟ್ಟೆ ಮಗ?"

"ಮರಿನಂಜಮ್ಮನಿಗೇ ಅಜ್ಜಿ. ಬಸವಪ್ಪನವರ ಹೆಂಡ್ತಿ."

"ಬಸವಪ್ಪನ್ ಹೆಂಡ್ತಿ ನಾನು ಕಣಪ್ಪ. ಈ ಊರ್ನಾಗೆ ಆ ಹೆಸ್ರು ಇನ್ಯಾರ್‍ಗೂ ಇಲ್ಲ."

ಸೂಜಿ ಬೆರಳಿಗೆ ಚುಚ್ಚಿತು. ಒಳಗೆ ಹೋಗಿ ರೇಷನ್ ಕಾರ್ಡು ತನ್ನಿ ಎಂದೆ. ತಂದರು. ಗಂಡನ ಹೆಸರು, ಆಕೆಯ ಹೆಸರು, ಫೋಟೋ ಎಲ್ಲ ಸರಿಯಾಗಿತ್ತು. ಪಕ್ಕದ ಹೊಲದಲ್ಲಿ ಟೊಮೇಟೊ ಕೀಳುತ್ತಿದ್ದ ದಂಪತಿಯನ್ನು ಕರೆದು ಕೇಳಿದೆ. ಇವರು ಮರಿನಂಜಮ್ಮ ಅಲ್ಲದೆ ಇನ್ನೇನು ಎಂದು ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು. ರುದ್ರಪ್ಪನ ಮನೆಯಲ್ಲಿ ಕೂತಿರುವವರು ಯಾರು ಹಾಗಾದರೆ ಎಂದರೆ, ಅವನ ಹೆಂಡತಿಯ ತಾಯಿ, ಮೊನ್ನೆ ಬೇರೆ ಊರಿಂದ ಬಂದರು ಎಂದರು.

ನನಗೆ ಬಂದ ಕೋಪಕ್ಕೆ ಅರ್ಧ ಹೊಲಿದ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಊರೊಳಗೆ ವಾಪಸ್ ನಡೆದೆ. ಮಂಚದ ಮೇಲಿದ್ದ ಹೆಂಗಸಿಗೆ ಕೊಟ್ಟ ನಕಲು ಪ್ರತಿ ನನಗೆ ಬೇಕಾಗಿತ್ತು, ಅದು ಈ ಅಜ್ಜಿಗೆ ಸೇರಬೇಕಾದ್ದು. ರುದ್ರಪ್ಪ ಬಾಗಿಲಲ್ಲೇ ತಡೆದ. ಈಗ ಮರ್ಯಾದೆಯೆಲ್ಲ ಇಳಿದಿತ್ತು. ಒಂದು ಸಲ ಹೆಬ್ಬೆಟ್ಟು ಹಾಕಿಸಿಕೊಂಡು ಹೋದವನು ಮತ್ತೆ ಯಾಕೆ ಬಂದೆ, ಅಂಚಿನ ಮನೆಯ ಮುದುಕಿಗೆ ಬುದ್ಧಿ ಸರಿಯಿಲ್ಲ, ಅದರ ಮಾತು ಕೇಳುತ್ತೀಯಾ ಎಂದು ಬೀದಿಗೆ ಕೇಳುವ ಹಾಗೆ ಕೂಗಾಡಿದ. ನಾನೂ ಕೂಗಾಡಿದೆ. ಅಷ್ಟರಲ್ಲಿ ಆ ಹೆಂಗಸು, ಅವನ ಅತ್ತೆ, ಅಡುಗೆಮನೆಯ ಹಿಂಬಾಗಿಲಿನಿಂದ ಬಳಸಿ ಬಂದು ಕಾಗದವನ್ನು ನನ್ನ ಚೀಲದೊಳಕ್ಕೆ ತಾವೇ ತುರುಕಿದರು. "ಒತ್ತು ಅಂದ್ರು, ಒತ್‌ಬುಟ್ಟೆ. ನಂಗೆ ಬ್ಯಾಡಪ್ಪ ಇದು," ಎಂದು ಮೆಲ್ಲಗೆ ಹೇಳಿ, ಬಂದ ದಾರಿಯಲ್ಲೇ ಹೋದರು. ರುದ್ರಪ್ಪ ನೋಡಿ ಹಲ್ಲು ಕಡಿದ.

ಹೊಂಗೆ ಮರದ ಕೆಳಗೆ ನಿಜವಾದ ಮರಿನಂಜಮ್ಮನಿಗೆ ಕಾಗದ ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿ, ಟೊಮೇಟೊ ದಂಪತಿಯ ಸಹಿ ಪಡೆದೆ. ಹೊಲ ನಿಮ್ಮದಲ್ಲವೆಂದು ಕೇಸು ಹಾಕಿದ್ದಾರೆ ಅಜ್ಜಿ, ಹೋಗದಿದ್ದರೆ ಕೈ ಬಿಡುತ್ತದೆ, ಬಡವರಿಗೆ ಕೋರ್ಟಿನವರೇ ವಕೀಲರನ್ನು ಕೊಡುತ್ತಾರೆ, ಬಂದು ಕೇಳಿ ಎಂದೆ. ಆಕೆ ಅಳಲಿಲ್ಲ. ಬೆರಳ ಮಸಿ ನೋಡಿಕೊಳ್ಳುತ್ತಾ, ರುದ್ರನನ್ನು ಎತ್ತಿ ಆಡಿಸಿದವಳು ನಾನೇ ಎಂದಷ್ಟೇ ಹೇಳಿದರು.

ಇಷ್ಟೆಲ್ಲ ಮಾಡಿ ಬಂದದ್ದಕ್ಕೆ ಕಚೇರಿಯಲ್ಲಿ ಸಿಕ್ಕಿದ್ದು ಮೆಮೊ. ಒಂದು ಸಮನ್ಸಿನ ಮೇಲೆ ಇಬ್ಬರು ಹೆಂಗಸರ ಹೆಬ್ಬೆಟ್ಟು ಹೇಗೆ ಬಂತು, ವಿವರಣೆ ಕೊಡು ಎಂದು. ಷಣ್ಮುಗಂ ಸಾರ್ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಮೊದಲನೆಯ ಹೆಬ್ಬೆಟ್ಟಿನೊಂದಿಗೆ ನೆಟ್ಟಗೆ ಬಸ್ಸು ಹತ್ತಿದ್ದರೆ ಯಾವ ತಲೆನೋವೂ ಇರುತ್ತಿರಲಿಲ್ಲ ಎನ್ನುವುದು ಅವರ ವಾದ. ನಿನಗೆ ಚಪ್ಪಲಿ ಹೊಲಿ ಎಂದು ಯಾವ ಸರ್ಕಾರ ಹೇಳಿತ್ತು ಎಂದು ತಮಿಳಿನಲ್ಲಿ ಪದೇ ಪದೇ ಕೇಳಿದರು. ಚಪ್ಪಲಿಯನ್ನೂ ಸರ್ಕಾರ ಕೊಟ್ಟಿರಲಿಲ್ಲ ಎಂದೆ. ಅದಕ್ಕೆ ಇನ್ನೊಂದು ಮೆಮೊ ಬರುವುದರಲ್ಲಿತ್ತು.

ರುದ್ರಪ್ಪನ ಕಡೆಯವರು ಸುಮ್ಮನಿರಲಿಲ್ಲ. ಕೋರ್ಟಿಗೆ ಬಂದ ಅಜ್ಜಿ ಮರಿನಂಜಮ್ಮನೇ ಅಲ್ಲ, ಅಮೀನನು ದುಡ್ಡು ತಿಂದು ಯಾರನ್ನೋ ಕರೆತಂದಿದ್ದಾನೆ ಎಂದು ಅರ್ಜಿ ಹಾಕಿದರು. ವಿಚಾರಣೆಯ ದಿನ ನನ್ನನ್ನೇ ಕಟಕಟೆಗೆ ಹತ್ತಿಸಿದರು. ಊರೂರಿಗೆ ಹೋಗಿ ಜನರನ್ನು ಕೋರ್ಟಿಗೆ ಕರೆಯುವುದರಲ್ಲೇ ಆಯುಸ್ಸು ಕಳೆದವನು ನಾನು. ಈಗ ಅಲ್ಲಿ ನಾನೇ ನಿಂತಿದ್ದೆ. ಕೆಲಸ ಹೋದರೆ ರತ್ನಳಿಗೆ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿ.

ಅವರ ವಕೀಲರು ಅಬ್ಬರಿಸುವವರಲ್ಲ, ಅದೇ ಕಷ್ಟ. ಮೆತ್ತಗೆ ಕೇಳುತ್ತಾ ಹೋದರು. ಮೊದಲ ಹೆಬ್ಬೆಟ್ಟು ಸಿಕ್ಕ ಮೇಲೆ ಅಷ್ಟು ಹೊತ್ತು ಊರಂಚಿನ ಆ ಮನೆಯಲ್ಲಿ ಏನು ಮಾಡಿದಿರಿ? ಚಪ್ಪಲಿ ಹೊಲಿದೆ. ಸೂಜಿ ಯಾರು ಕೊಟ್ಟರು? ನನ್ನ ಚೀಲದಲ್ಲಿತ್ತು. ಕೋರ್ಟು ನೌಕರನ ಚೀಲದಲ್ಲಿ ಚಪ್ಪಲಿ ಹೊಲಿಯುವ ಸೂಜಿ ಯಾಕಿರುತ್ತದೆ, ಇದನ್ನು ಈ ನ್ಯಾಯಾಲಯ ನಂಬಬೇಕೇ? ಹಿಂದೆ ಯಾರೋ ನಕ್ಕರು. ಜಡ್ಜಮ್ಮ ಪೆನ್ನು ಕೆಳಗಿಟ್ಟು, ಆ ಚೀಲ ಈಗ ಎಲ್ಲಿದೆ ಎಂದರು. ಹೆಗಲಲ್ಲೇ ಇತ್ತು. ಮೇಜಿನ ಮೇಲೆ ಬಿಚ್ಚಿ ತೋರಿಸಲು ಹೇಳಿದರು.

ಒಂದೊಂದಾಗಿ ತೆಗೆದಿಟ್ಟೆ. ಗೋಂದಿನ ಕಡ್ಡಿ, ಸ್ಟಾಂಪ್ ಪ್ಯಾಡು, ಮಸಿ ಒರೆಸಿ ಒರೆಸಿ ನೀಲಿಯಾದ ಬಟ್ಟೆ, ಸೋಪು. ಕನ್ನಡಕ ತೆಗೆಯಲು ಹೋದರೆ ದಾರ ಎಳೆದು ಚೀಲವೇ ಮಗುಚಿತು. ನಾಯಿ ಬಿಸ್ಕತ್ತು ಚೂರು ಚೂರಾಗಿ ದಾವೆಯ ಕಾಗದಗಳ ಮೇಲೆ ಚೆಲ್ಲಿತು. ಬಾಗಿಲ ಬಳಿ ನಿಂತಿದ್ದ ಷಣ್ಮುಗಂ ಸಾರ್ ಮುಖ ಬೇರೆ ಕಡೆ ತಿರುಗಿಸಿದರು. ಕಡೆಗೆ ರಟ್ಟಿನ ತುಂಡಿಗೆ ಚುಚ್ಚಿಟ್ಟಿದ್ದ ಸೂಜಿ, ಸುತ್ತಿದ್ದ ದಾರ. ಇಡೀ ಕೋರ್ಟು ನಗುತ್ತಿತ್ತು.

"ಇದ್ನೆಲ್ಲಾ ನಿಮ್ಗೆ ಯಾರ್ ಕೊಟ್ರು?" ಎಂದು ವಕೀಲರು ನನ್ನ ಭಾಷೆಯಲ್ಲೇ ಕೇಳಿದರು.

"ಯಾರೂ ಏನೂ ಕೊಡ್ಲಿಲ್ಲ ಸಾರ್. ನಂದೂ ಅದೇ ದೂರು."

ಜಡ್ಜಮ್ಮ ನಗಲಿಲ್ಲ. ಸೂಜಿಯನ್ನು ಎತ್ತಿ ನೋಡಿ ಇಟ್ಟು, ಮುಂದುವರಿಸಿ ಎಂದರು.

ನನ್ನ ಚೀಲದಿಂದ ಅಜ್ಜಿ ಗೆದ್ದರು ಎಂದು ಯಾರೂ ತಿಳಿಯಬೇಡಿ. ಚೀಲದಿಂದ ನನ್ನ ಮೇಲಿನ ಅನುಮಾನ ಕೊಂಚ ಸಡಿಲವಾಗಿರಬಹುದು. ನಿಜವಾಗಿ ಕಟ್ಟು ಬಿಚ್ಚಿದವರು ರುದ್ರಪ್ಪನ ಅತ್ತೆ. ಅವರನ್ನು ಕರೆಸಿ ಹೆಸರು ಕೇಳಿದಾಗ ತಮ್ಮ ಸ್ವಂತ ಹೆಸರು ಹೇಳಿದರು. ಆ ದಿನ ಬೇರೆ ಹೆಸರು ಹೇಳಿದ್ದು ಯಾಕೆ ಎಂದರೆ, ಅಳಿಯ ಹೇಳಿಕೊಟ್ಟದ್ದು ಎಂದರು. ಅಳಿಯ ಎದುರಿಗೇ ನಿಂತಿದ್ದ. ಮಗಳ ಮನೆಯನ್ನೇ ನೆಚ್ಚಿಕೊಂಡು ಬಂದ ಹೆಂಗಸಿಗೆ ಆ ಮಾತು ಎಷ್ಟು ದುಬಾರಿಯಾಯಿತೋ ನನಗೆ ಗೊತ್ತಿಲ್ಲ. ಅವರು ಮತ್ತೆ ಆ ಊರಿನಲ್ಲಿ ಕಾಣಲಿಲ್ಲ.

ಅವರ ಅರ್ಜಿ ಬಿದ್ದುಹೋಯಿತು, ಸುಳ್ಳು ಹೆಬ್ಬೆಟ್ಟಿಗೆ ರುದ್ರಪ್ಪನ ಮೇಲೆ ಬೇರೆ ಕ್ರಮಕ್ಕೂ ಬರೆದರು. ಮುಂದೆ ದಾವೆಯೂ ವಜಾ ಆಯಿತು. ಹೊಲ ಅಜ್ಜಿಯ ಹೆಸರಿನಲ್ಲೇ ಉಳಿಯಿತು. ಇನ್ನೊಂದು ಸಮನ್ಸಿಗೆ ಆ ಕಡೆ ಹೋದಾಗ ನೋಡುತ್ತೇನೆ, ಆ ಹೊಲ ಉಳುತ್ತಿರುವವನು ಅದೇ ರುದ್ರಪ್ಪ. ಬೆಳೆಯಲ್ಲಿ ಪಾಲು ಕೊಡುವ ಮಾತಿನ ಮೇಲೆ ಅಜ್ಜಿಯೇ ವಾರಕ್ಕೆ ಕೊಟ್ಟಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ನಿಮಗಾಗಿ ಮೆಮೊ ತಿಂದೆ, ಕಟಕಟೆ ಹತ್ತಿದೆ, ಬಿಸ್ಕತ್ತು ಚೆಲ್ಲಿಕೊಂಡೆ, ನೀವು ಅವನಿಗೇ ಕೊಟ್ಟಿರಲ್ಲ ಎಂದು ರೇಗಿದೆ. "ಇನ್ಯಾರ್‍ಲಾ ಉಳ್ತಾರೆ? ನೀನ್ ಬತ್ತೀಯಾ ನೇಗ್ಲು ಕಟ್ಟಕ್ಕೆ?" ಎಂದರು. ಗೆದ್ದವರು ಗೆದ್ದ ಹಾಗೆ ಬದುಕುತ್ತಾರೆ ಎಂದು ನಂಬಿಕೊಂಡು ಈ ಕೆಲಸಕ್ಕೆ ಬರಬೇಡಿ.

ಷಣ್ಮುಗಂ ಸಾರ್ ಮೆಮೊ ವಾಪಸ್ ತೆಗೆದುಕೊಂಡರು, ಕ್ಷಮೆ ಕೇಳಲಿಲ್ಲ. ಅವರು ನಿವೃತ್ತರಾಗುವ ಮೊದಲು ಮೇಲಕ್ಕೆ ಬರೆದು ನಮಗೆಲ್ಲ ಹೊಸ ಬ್ಯಾಗು ತರಿಸಿಕೊಟ್ಟರು. ಹಿಂದಿನದಕ್ಕಿಂತಲೂ ದೊಡ್ಡದಾಗಿತ್ತು.

ನೂರೆಂಟು ಸಲ ಬೈದುಕೊಂಡು ಮಾಡಿದ ಕೆಲಸ ಇದು. ಆದರೂ ವಿಚಾರಣೆಯ ಆ ದಿನದ ಒಂದು ಗಳಿಗೆ ಬರೆಯದೆ ಮುಗಿಸಲಾರೆ. ಕಟಕಟೆಯಿಂದ ಇಳಿದು, ಬಿಸ್ಕತ್ತಿನ ಪುಡಿ ಕೊಡವುತ್ತಾ ಹೊರಗೆ ಬಂದಿದ್ದೆ. ಅಜ್ಜಿ ವರಾಂಡದಲ್ಲಿ ಕಂಬಕ್ಕೊರಗಿ ಕೂತಿದ್ದರು. ಮುಂದಿನ ಸಾಕ್ಷಿ ಅವರೇ. ನಮ್ಮ ದಫೇದಾರ್, ಕೋರ್ಟಿನಲ್ಲಿ ಹೆಸರು ಕೂಗುವವರು, ಬಾಗಿಲಿಗೆ ಬಂದು ಎದೆ ತುಂಬ ಉಸಿರೆಳೆದು, "ಬಸವಪ್ಪನ ಹೆಂಡತಿ ಮರಿನಂಜಮ್ಮಾ" ಎಂದು ಕೂಗಿದರು. ಅಜ್ಜಿ ಏಳಲಿಲ್ಲ. ಎರಡನೆಯ ಸಲ ಕೂಗಿದರು. ಏಳಲಿಲ್ಲ. ಮೂರನೆಯದಕ್ಕೂ ಬಾರದಿದ್ದರೆ ಗೈರುಹಾಜರಿ ಎಂದು ಬರೆದುಬಿಡುತ್ತಾರೆ. ನಾನು ಓಡಿಹೋಗಿ ಭುಜ ಅಲ್ಲಾಡಿಸಿದೆ.

"ಅಜ್ಜೀ, ನಿಮ್ಮನ್ನೇ ಕೂಗ್ತಿರೋದು. ಕೇಳಿಸ್ಲಿಲ್ವಾ?"

"ಕೇಳುಸ್ತು ಕಣಪ್ಪ. ನಮ್ಮಪ್ಪ ಹಿಂಗೇ ಕೂಗೋನು, ಪೂರ್ತಿ ಹೆಸ್ರು. ಆಮ್ಯಾಕೆ ಯಾರೂ ಕೂಗ್ನಿಲ್ಲ." ಅವರ ಕಣ್ಣು ಬಾಗಿಲ ಮೇಲೇ ಇತ್ತು. "ಇನ್ನೊಂದ್ ಕಿತಾ ಕೂಗ್ಲಿ, ಎದ್ದೋಯ್ತೀನಿ."

ದಫೇದಾರರ ಕಡೆ ನೋಡಿದೆ. ಅವರಿಗೆ ಕನ್ನಡ ಬರುತ್ತಿತ್ತು. ಗೊಣಗಿಕೊಂಡರು, ಗಂಟಲು ಸರಿಮಾಡಿಕೊಂಡರು, ಮೊದಲೆರಡಕ್ಕಿಂತ ಗಟ್ಟಿಯಾಗಿ, ಅಂಗಳದ ಬೇವಿನ ಮರದಾಚೆಗೂ ಕೇಳುವ ಹಾಗೆ ಕೂಗಿದರು. ಅಜ್ಜಿ ಕಂಬ ಹಿಡಿದು ಎದ್ದರು, ಸೆರಗು ತಲೆಗೆ ಎಳೆದುಕೊಂಡು, ಬಂದೆ ಎಂದು ಒಳಗೆ ನಡೆದರು.